ಮರದ ಮನೆಯ ಏಕಾದಶಿ

ನಾನು ಈ ಜನ್ಮದಲ್ಲಿ ಒಂದು ಏಕಾದಶಿಯನ್ನೂ ಪೂರ್ತಿ ಉಪವಾಸ ಮಾಡಿದವನಲ್ಲ. ಹನ್ನೊಂದು ಗಂಟೆಗೆ ಶುರುವಾಗುವ ತಲೆನೋವು ಒಂದು ಗಂಟೆಯ ಹೊತ್ತಿಗೆ ನನ್ನನ್ನು ಅಡುಗೆಮನೆಗೆ ತಳ್ಳಿಬಿಡುತ್ತದೆ. ಹೀಗಿದ್ದೂ ಚೆಕ್ ದೇಶದ ಗುಡ್ಡಸೀಮೆಯ ಒಂದು ಪುಟ್ಟ ಪೇಟೆಯಲ್ಲಿ ಒಬ್ಬ ತಾಯಿ ನನ್ನ ಮಾತನ್ನು ನಂಬಿ, ಹದಿನೈದು ದಿನಕ್ಕೊಮ್ಮೆ ನೀರು ಬಿಟ್ಟು ಬೇರೇನೂ ಮುಟ್ಟದೆ ಕೂತರು. ಇದನ್ನು ನಾನು ಯಾರಿಗೂ ಹೇಳಿಲ್ಲ. ಹೆಂಡತಿಗೆ ಅರ್ಧ ಗೊತ್ತು. ಉಳಿದರ್ಧವನ್ನು ಅವಳೂ ಇಲ್ಲೇ ಓದಬೇಕು.

ಆಗ ನಾನು ಸ್ವೀಡನ್ನಿನ ಯೋನ್‌ಶೋಪಿಂಗ್‌ನಲ್ಲಿ ಎರಕದ ಕಬ್ಬಿಣದ ಮೇಲೆ ಸಂಶೋಧನೆ ಮಾಡುತ್ತಿದ್ದೆ. ಕಾದ ಕಬ್ಬಿಣ ತಣ್ಣಗಾಗುವಾಗ ಎಲ್ಲಿ ಬಿರುಕು ಬಿಡುತ್ತದೆ, ಏಕೆ ಬಿಡುತ್ತದೆ ಎಂದು ನೋಡುವುದೇ ಕೆಲಸ. ಪಕ್ಕದ ಮೇಜಿನವನು ಚೆಕ್ ದೇಶದವನು. ಉದ್ದನೆ ಆಳು, ದಪ್ಪ ಕನ್ನಡಕ, ಮಾತು ಕಡಿಮೆ. ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಇದನ್ನು ಹೊಗಳಿಕೆಯಾಗಿ ಹೇಳುತ್ತಿಲ್ಲ, ಅದೊಂದು ತೊಂದರೆಯೇ ಆಗಿತ್ತು. ಒಮ್ಮೆ ನಾವಿಬ್ಬರೂ ಸೇರಿ ಮೂರು ತಿಂಗಳು ಅಳತೆ ತೆಗೆದು, ಲೇಖನ ಬರೆದು, ಇನ್ನೇನು ಕಳಿಸಬೇಕು ಎನ್ನುವಾಗ ಮೀಟಿಂಗಿನಲ್ಲಿ ಎದ್ದು ನಿಂತು, "ಶಾಖ ಅಳೆಯೋ ತಂತೀನ ನಾನು ತಪ್ಪು ಜಾಗದಲ್ಲಿ ಕೂರಿಸಿದ್ದೆ. ನಿನ್ನೆ ಗೊತ್ತಾಯ್ತು. ಎಲ್ಲಾ ಅಂಕಿನೂ ತಪ್ಪು," ಎಂದುಬಿಟ್ಟ. ಅವನು ಬಾಯಿ ಬಿಡದಿದ್ದರೆ ಈ ಭೂಮಿಯ ಮೇಲೆ ಒಬ್ಬರಿಗೂ ತಿಳಿಯುತ್ತಿರಲಿಲ್ಲ. ಲೇಖನದಲ್ಲಿ ನನ್ನ ಹೆಸರೂ ಇತ್ತು. ಮೇಜಿನ ಕೆಳಗೆ ಅವನ ಕಾಲಿಗೆ ಒದ್ದೆ. ಅವನು ಬಗ್ಗಿ ನೋಡಿ, "ಯಾಕೆ ಒದೀತಿದೀಯ?" ಎಂದು ಎಲ್ಲರ ಮುಂದೆಯೇ ಕೇಳಿದ.

ಅಂಥವನು ಒಂದು ಮೇ ತಿಂಗಳಲ್ಲಿ ನನ್ನನ್ನು ತನ್ನ ಊರಿಗೆ ಕರೆದ. ಅವನ ತಂದೆಗೆ ಹಿಂದಿನ ಚಳಿಗಾಲದಲ್ಲಿ ಪಾರ್ಶ್ವವಾಯು ಹೊಡೆದು ಬಲಭಾಗ ಬಿದ್ದುಹೋಗಿತ್ತು, ಮಾತು ನಿಂತಿತ್ತು. ನೋಡಲು ಹೊರಟಿದ್ದ. ಎರಡು ದಿನದ ದಾರಿ, ಕಾರಿನಲ್ಲಿ ಒಬ್ಬರು ಜೊತೆ ಬೇಕಿತ್ತು. ಚೆಕ್ ಗಡಿಯಲ್ಲಿ ತಪಾಸಣೆ ನಿಂತು ಕೆಲವೇ ತಿಂಗಳಾಗಿತ್ತು. ಸ್ವೀಡನ್ನಿನ ಪರ್ಮಿಟ್ ಇದ್ದರೆ ಸಾಕು, ವೀಸಾಕ್ಕೆಂದು ಅಲೆಯಬೇಕಾಗಿರಲಿಲ್ಲ. "ನಮ್ಮೂರಲ್ಲಿ ಹಳೇ ಮರದ ಮನೆಗಳಿವೆ. ನಿಂಗೆ ಫೋಟೊ ಹುಚ್ಚಲ್ವ, ಬಾ," ಎಂದ. ನನ್ನ ಐದು ವರ್ಷದ ಮಗಳು ಡಾಗಿಸ್‌ನಿಂದ, ಅಂದರೆ ಅಲ್ಲಿನ ಶಿಶುವಿಹಾರದಿಂದ, ಜ್ವರ ಅಂಟಿಸಿಕೊಂಡು ಬಂದಿದ್ದರಿಂದ ಹೆಂಡತಿ ಮನೆಯಲ್ಲೇ ಉಳಿದಳು. ಉಳಿದವಳು ಸುಮ್ಮನಿರಲಿಲ್ಲ.

"ಅಲ್ಲಿ ಎಲ್ಲದಕ್ಕೂ ಹಂದಿ ಕೊಬ್ಬು ಹಾಕ್ತಾರಂತೆ ರೀ. ಹೋಗ್ಬಂದವ್ರು ಹೇಳಿದ್ರು, ಬ್ರೆಡ್‌ಗೂ ಅದನ್ನೇ ಸವರ್ತಾರಂತೆ. ಗೊಜ್ಜವಲಕ್ಕಿ, ನಿಪ್ಪಟ್ಟು ಇಟ್ಟಿದೀನಿ. ಮುಜುಗರ ಮಾಡ್ಕೊಂಡು ಏನಾದ್ರೂ ತಿಂದ್ಬಿಟ್ಟೀರ ಮತ್ತೆ," ಎಂದಳು.

ನಾನು ಗಂಭೀರವಾಗಿ ತಲೆಯಾಡಿಸಿದೆ. ಯೋನ್‌ಶೋಪಿಂಗ್‌ನಲ್ಲಿ ನಾನು ತಿನ್ನುತ್ತಿದ್ದ ಚೀಸಿನಲ್ಲಿ ಏನಿದೆ, ಫೀಕಾ ಎಂದು ಅಲ್ಲಿನವರು ಕರೆಯುವ ಕಾಫಿ ಬಿಡುವಿನಲ್ಲಿ ಮೆಲ್ಲುತ್ತಿದ್ದ ದಾಲ್ಚಿನ್ನಿ ಬನ್ನಿನಲ್ಲಿ ಏನಿದೆ ಎಂದು ಒಂದು ದಿನವೂ ಚೀಟಿ ಓದಿದವನಲ್ಲ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎನ್ನುವ ಗಾದೆ ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು.

ಊರು ತಲುಪಿದ್ದು ಎರಡನೇ ದಿನ ಮಧ್ಯಾಹ್ನ. ದಾರಿ ಏರುತ್ತ ಏರುತ್ತ ಪೈರಿನ ಬಯಲು ಮುಗಿದು ಫರ್ ಮರಗಳ ಗುಡ್ಡ ಶುರುವಾಯಿತು, ಗಾಳಿ ತಣ್ಣಗಾಯಿತು. ಪೇಟೆಯ ನಡುವೆ ಒಂದು ತೊರೆ. ತೊರೆಯ ಮಗ್ಗುಲಲ್ಲಿ ಒಂದಕ್ಕೊಂದು ಭುಜ ತಾಗಿಸಿ ನಿಂತ ಮರದ ಮನೆಗಳು. ಹಿಂದೆ ನೇಕಾರರು, ಕುಂಬಾರರು ಇದ್ದ ಕೇರಿಯಂತೆ. ಇಡೀ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ, ಮೂಲೆಗಳಲ್ಲಿ ಒಂದರೊಳಗೊಂದು ಕಚ್ಚಿಸಿ ಗೋಡೆ ಎಬ್ಬಿಸಿದ್ದಾರೆ. ದಿಮ್ಮಿಗಳಿಗೆ ಕಪ್ಪುಗಂದು ಬಣ್ಣ, ಅವುಗಳ ನಡುವಿನ ಸಂದಿಗೆ ಮಣ್ಣು ಮೆತ್ತಿ ಮೇಲೆ ಬಿಳಿ ಸುಣ್ಣ. ಮಾಡಿಗೆ ಹೆಂಚಿಲ್ಲ, ಮರದ ಸಣ್ಣ ಸಣ್ಣ ಹಲಗೆಗಳನ್ನು ಮೀನಿನ ಹುರುಪೆಯಂತೆ ಜೋಡಿಸಿದ್ದಾರೆ. ನಮ್ಮ ಕಡೆ ದೇವಸ್ಥಾನದ ಗೋಡೆಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆಯುತ್ತಾರಲ್ಲ, ಅದು ನೆನಪಾಗಿ ಸಂತೋಷವಾಯಿತು. ಗೆಳೆಯನಿಗೆ ಅದನ್ನೇ ಉದ್ದಕ್ಕೆ ವಿವರಿಸುತ್ತ, ಬಾಗಿಲಲ್ಲಿ ನಿಂತಿದ್ದ ಅವನ ಅಮ್ಮನನ್ನು ಬಿಟ್ಟು ಗೋಡೆಯ ಫೋಟೊ ತೆಗೆಯುತ್ತ ನಿಂತೆ.

ಅವರು ಕಾದರು. ಗಿಡ್ಡಗೆ, ಗುಂಡಗೆ, ತಲೆಗೆ ವಸ್ತ್ರ ಕಟ್ಟಿಕೊಂಡ ಹೆಂಗಸು. ಕೈಕುಲುಕಿದಾಗ ಅಂಗೈ ಒರಟಾಗಿತ್ತು, ಬೆರಳ ತುದಿಗಳು ಬಿರಿದಿದ್ದವು. ನಾನು ಬರುತ್ತೇನೆಂದು ಎದುರು ಗೋಡೆಯ ಪಟ್ಟೆಗಳಿಗೆಲ್ಲ ಅವರೇ ಎರಡು ದಿನ ಏಣಿಯ ಮೇಲೆ ನಿಂತು ಸುಣ್ಣ ಬಳಿದಿದ್ದರು ಎಂದು ಗೆಳೆಯ ಹೇಳಿದ. ಚೆನ್ನಾಗಿದೆ ಎಂದು ನಾನು ಇನ್ನೊಂದು ಫೋಟೊ ತೆಗೆದೆ.

ಒಳಗೆ ಒಂದು ದೊಡ್ಡ ಕೋಣೆ, ಅದೇ ಅಡುಗೆಮನೆ. ಮೂಲೆಯಲ್ಲಿ ಹಸಿರು ಬಿಲ್ಲೆ ಹೊದೆಸಿದ ಒಲೆ, ಅದಕ್ಕೆ ಬೆನ್ನು ಕೊಟ್ಟು ಬೆಂಚಿನ ಮೇಲೆ ಕೂತ ಅವನ ಅಪ್ಪ. ಅವರ ಬಲಗೈ ಯಾರೋ ಮರೆತು ಬಿಟ್ಟುಹೋದ ವಸ್ತುವಿನ ಹಾಗೆ ತೊಡೆಯ ಮೇಲೆ ಬಿದ್ದಿತ್ತು. ಕಣ್ಣು ಮಾತ್ರ ಬಲು ಚುರುಕು. ಮೇಜಿನ ಮೇಲೆ ಊಟ ಸಿದ್ಧವಾಗಿತ್ತು. ಆಲೂಗಡ್ಡೆ ತುರಿದು ಬೆಳ್ಳುಳ್ಳಿ ಹಾಕಿ ಬಾಣಲೆಯಲ್ಲಿ ಬೇಯಿಸಿದ ರೊಟ್ಟಿ, ಕಡುಬಿನಂಥ ಹಿಟ್ಟಿನ ಉಂಡೆ, ಹುಳಿ ಬರಿಸಿದ ಕೋಸು, ಗಸಗಸೆ ತುಂಬಿದ ಸಿಹಿ. ನಾಲ್ಕು ಜನಕ್ಕೆ ಎಂಟು ಜನರ ಅಡುಗೆ. "ಮಾಂಸ ಇಲ್ಲ. ಎಲ್ಲಾ ನಿಂಗೆ ಅಂತಾನೇ," ಎಂದ ಗೆಳೆಯ. ಬಾಯಲ್ಲಿ ನೀರೂರಿತು. ಅಷ್ಟರಲ್ಲಿ ಒಲೆಯ ಪಕ್ಕದ ಗೂಡಿನಲ್ಲಿ ಒಂದು ಮಣ್ಣಿನ ಜಾಡಿ ಕಂಡಿತು. ಒಳಗೆ ಬೆಳ್ಳಗೆ, ಹೆಪ್ಪುಗಟ್ಟಿದ ತುಪ್ಪದಂಥದು, ಅದರಲ್ಲಿ ನೆಟ್ಟಗೆ ನಿಂತ ಒಂದು ಚಮಚ. ತುಪ್ಪವಲ್ಲ ಎಂದು ನೋಡಿದ ಕೂಡಲೇ ಗೊತ್ತಾಯಿತು.

ಕೇಳಬಹುದಿತ್ತು. ಇದನ್ನು ಯಾವುದರಲ್ಲಿ ಬೇಯಿಸಿದ್ದೀರಿ ಎಂದು ಒಂದೇ ಒಂದು ಮಾತು. ಆ ಗೆಳೆಯನ ಮನೆಯಲ್ಲಿ ನೇರವಾಗಿ ಕೇಳಲು ಯಾವ ಅಡ್ಡಿಯೂ ಇರಲಿಲ್ಲ. ಆದರೆ ನಮ್ಮ ಜನಕ್ಕೆ, ನನಗಂತೂ, ನೇರವಾಗಿ ಕೇಳುವುದಕ್ಕಿಂತ ದೇವರನ್ನು ಅಡ್ಡ ತರುವುದು ಸುಲಭ. ಬೇಡದ ಮನೆಯಲ್ಲಿ ಊಟ ತಪ್ಪಿಸಿಕೊಳ್ಳಬೇಕಾದರೆ 'ಇವತ್ತು ಶನಿವಾರ, ಒಪ್ಪತ್ತು' ಎಂದುಬಿಟ್ಟರೆ ಆಯಿತು. ಯಾರೂ ಮರುಮಾತಾಡುವುದಿಲ್ಲ, ಯಾರಿಗೂ ಬೇಜಾರೂ ಆಗುವುದಿಲ್ಲ.

"ಅಯ್ಯೋ, ಇವತ್ತು ನಂಗೆ ಉಪವಾಸ. ಏಕಾದಶಿ," ಎಂದೆ. "ಏನೂ ತಿನ್ನೋ ಹಾಗಿಲ್ಲ."

ಗೆಳೆಯ ಹುಬ್ಬು ಗಂಟಿಕ್ಕಿದ. "ಬೆಳಿಗ್ಗೆ ಪೆಟ್ರೋಲ್ ಬಂಕಲ್ಲಿ ಬ್ರೆಡ್ ತಿಂದ್ಯಲ್ಲ?"

"ಅದು ಮಧ್ಯಾಹ್ನದ ಮೇ‌ಲೆ ಶುರುವಾಗುತ್ತೆ. ಚಂದ್ರನ ಲೆಕ್ಕ."

ಅವನು ನಂಬಿದ. ತನಗೆ ಬರದ ವಿದ್ಯೆ ಬೇರೆಯವರಿಗೆ ಬರುತ್ತದೆಂದು ಅವನಿಗೆ ಹೊಳೆಯುತ್ತಲೇ ಇರಲಿಲ್ಲ. ಅಮ್ಮನಿಗೆ ಚೆಕ್ ಭಾಷೆಯಲ್ಲಿ ಹೇಳಿದ. ಅವರ ಮುಖ ಸಪ್ಪಗಾಗುತ್ತದೆಂದು ಕಾದಿದ್ದೆ. ಬದಲಿಗೆ ಅದರಲ್ಲಿ ಗೌರವ ಮೂಡಿತು. ಸೌಟು ಕೆಳಗಿಟ್ಟು, ಏಪ್ರನ್ನಿಗೆ ಕೈ ಒರೆಸಿಕೊಂಡು, ನನ್ನೆದುರು ಬಂದು ಕೂತರು. ಮಗ ನಡುವೆ ಕೂತು ಆ ಕಡೆಯ ಮಾತನ್ನು ಈ ಕಡೆಗೆ ದಾಟಿಸಿದ.

"ಯಾರಿಗೋಸ್ಕರ ಮಾಡ್ತೀರಿ ಅಂತ ಕೇಳ್ತಿದಾಳೆ."

"ಮನೆಯವರ ಆರೋಗ್ಯಕ್ಕೆ," ಎಂದೆ. "ನಮ್ಮಪ್ಪನಿಗೆ ಕಿಡ್ನಿ ತೊಂದರೆ ಆದಾಗಿಂದ ನಮ್ಮಮ್ಮ ಒಂದೂ ಬಿಟ್ಟಿಲ್ಲ."

ಇಷ್ಟು ನಿಜ. ಹನ್ನೊಂದು ವರ್ಷ ಅಮ್ಮ ಒಂದು ಏಕಾದಶಿಯನ್ನೂ ತಪ್ಪಿಸಿರಲಿಲ್ಲ. ಅಪ್ಪ ತೀರಿಕೊಂಡು ಆಗ ಎರಡು ವರ್ಷವಾಗಿತ್ತು, ಆಮೇಲೂ ಅವಳು ಬಿಟ್ಟಿರಲಿಲ್ಲ. ಈಗ ಯಾರಿಗಾಗಿ ಎಂದು ನಾನು ಕೇಳಿದವನಲ್ಲ.

ಗೆಳೆಯನ ಅಮ್ಮ ಒಲೆಯ ಕಡೆಗೆ, ಗಂಡನ ಕಡೆಗೆ, ಒಮ್ಮೆ ನೋಡಿದರು. ಆಮೇಲೆ ದನಿ ತಗ್ಗಿಸಿ ಏನೋ ಕೇಳಿದರು. ಅದನ್ನು ದಾಟಿಸಲು ಮಗನಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ನಿಮ್ಮ ತಂದೆ ಹುಷಾರಾದ್ರಾ ಅಂತ."

ಬೆಂಗಳೂರಿನಲ್ಲಿ ನಾನೇ ಕೈಯಾರೆ ಕೊಳ್ಳಿ ಇಟ್ಟು ಬಂದ ಅಪ್ಪ. "ಹೌದು," ಎಂದೆ. "ಈಗ ಚೆನ್ನಾಗಿದ್ದಾರೆ."

ಆ ತಾಯಿಗೆ ಧೈರ್ಯ ಬರಲಿ ಎಂದು ಹಾಗೆ ಹೇಳಿದೆ ಎಂದು ಎಷ್ಟೋ ಸಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಅದೂ ಸುಳ್ಳೇ. ಮಾತು ಬೇಗ ಮುಗಿಯಬೇಕಿತ್ತು. ನನಗೆ ಹಸಿವಾಗಿತ್ತು. ಮೇಲಿನ ಕೋಣೆಗೆ ಹೋಗಿ ಗೊಜ್ಜವಲಕ್ಕಿ ತಿನ್ನಬೇಕಿತ್ತು.

ಅಟ್ಟದ ಮೇಲೆ ನನಗೆ ಜಾಗ ಮಾಡಿಕೊಟ್ಟಿದ್ದರು. ಪ್ರಯಾಣದ ಸುಸ್ತು, ಸ್ವಲ್ಪ ಮಲಗುತ್ತೇನೆ ಎಂದು ಬಾಗಿಲು ಹಾಕಿಕೊಂಡು ಚೀಲ ಬಿಚ್ಚಿದೆ. ಅವಲಕ್ಕಿ ಸಲೀಸಾಗಿ ಇಳಿಯಿತು. ನಿಪ್ಪಟ್ಟು ಕಚ್ಚಿದಾಗ ಮಾತ್ರ ಮನೆಯೆಲ್ಲ ಕೇಳುವಂಥ ಸದ್ದು. ಮರದ ಮನೆ, ಕೆಳಗೆ ಚಮಚ ಇಟ್ಟರೆ ಮೇಲೆ ಕೇಳುತ್ತದೆ, ಮೇಲೆ ಹೊರಳಿದರೆ ಕೆಳಗೆ ಕೇಳುತ್ತದೆ. ಉಸಿರು ಹಿಡಿದು ಕೂತೆ. ಆಮೇಲೊಂದು ಉಪಾಯ ಹೊಳೆಯಿತು. ಕಂಬಳಿಯೊಳಗೆ ಕೈಯಿಟ್ಟು ನಿಪ್ಪಟ್ಟನ್ನು ಸಣ್ಣಗೆ ಮುರಿದು, ಚೂರನ್ನು ಬಾಯಲ್ಲಿಟ್ಟುಕೊಂಡು, ಎಂಜಲಲ್ಲಿ ನೆನೆದು ಮೆತ್ತಗಾದ ಮೇಲೆ ನುಂಗುವುದು. ಹೀಗೆ ಆರು ನಿಪ್ಪಟ್ಟು ತಿಂದೆ. ಮೂವತ್ತು ದಾಟಿದ ಗಂಡಸು, ಒಂದು ಮಗುವಿನ ತಂದೆ, ಕಂಡವರ ಮನೆಯ ಅಟ್ಟದಲ್ಲಿ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಅವತ್ತು ಅದು ನನಗೆ ತಮಾಷೆಯಾಗಿಯೇ ಕಂಡಿತ್ತು, ಊರಿಗೆ ಹೋಗಿ ಹೆಂಡತಿಗೆ ಹೇಳಿ ನಗಬೇಕು ಅಂದುಕೊಂಡಿದ್ದೆ.

ಸಂಜೆ ಇಳಿದು ಬಂದಾಗ ಕೋಣೆಯಲ್ಲಿ ಅವನ ಅಪ್ಪ ಒಬ್ಬರೇ ಇದ್ದರು. ಅವರ ತಲೆಯ ಮೇಲೆ ಸರಿಯಾಗಿ ನನ್ನ ಮಂಚ ಇತ್ತೆಂದು ಆಗ ತಿಳಿಯಿತು. ಅವರು ಒಮ್ಮೆ ಮೇಲಿನ ಹಲಗೆ ನೋಡಿದರು, ಆಮೇಲೆ ನನ್ನ ಸ್ವೆಟರ್ ನೋಡಿದರು. ನಾನೂ ಬಗ್ಗಿ ನೋಡಿಕೊಂಡೆ. ಎದೆಯ ಮೇಲೆ ನಿಪ್ಪಟ್ಟಿನ ಪುಡಿ, ಎರಡು ಕಡಲೆಬೀಜದ ಚೂರು. ಕೊಡವಿಕೊಂಡೆ. ಅವರು ಕಣ್ಣು ಮುಚ್ಚಿದರು. ಆ ಮನೆಯಲ್ಲಿ ವಿಷಯ ಗೊತ್ತಾದವರು ಅವರೊಬ್ಬರೇ, ಹೇಳಲಾರದವರೂ ಅವರೊಬ್ಬರೇ.

ಮರುದಿನ ಬೆಳಿಗ್ಗೆ ಕೆಳಗಿಳಿದಾಗ ಅವನ ಅಮ್ಮ ಆಲೂಗಡ್ಡೆ ರೊಟ್ಟಿಯನ್ನು ಮತ್ತೆ ಹೊಸದಾಗಿ ಮಾಡುತ್ತಿದ್ದರು. ಬಾಣಲೆ ಹೊಚ್ಚ ಹೊಸದು, ಹಿಡಿಕೆಗೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಪಕ್ಕದಲ್ಲಿ ಸೂರ್ಯಕಾಂತಿ ಎಣ್ಣೆಯ ಬಾಟಲಿ.

"ನೀನು ಬರ್ತೀಯ ಅಂತ ತಗೊಂಡಿದ್ದು, ನಿನ್ನೆದೂ ಇದ್ರಲ್ಲೇ ಮಾಡಿದ್ದು," ಎಂದ ಗೆಳೆಯ. "ಹಳೇ ಬಾಣಲೆಗೆ ಕೊಬ್ಬಿನ ವಾಸನೆ ಹತ್ತಿರುತ್ತಲ್ಲ. ಆ ಗೂಡಲ್ಲಿರೋ ಜಾಡಿ ಅಪ್ಪಂದು. ನಿನ್ನ ಅಡುಗೆಗೆ ಮುಂಚೆ ಕೈಗೆ ಸೋಪ್ ಹಾಕಿ ತೊಳ್ಕೊಂಡ್ಳು, ಎರಡು ಸಲ."

ನನ್ನ ಕಿವಿ ಬಿಸಿಯಾಯಿತು.

"ಇನ್ನೊಂದು," ಎಂದ. "ನಿನ್ನೆ ಮಧ್ಯಾಹ್ನದಿಂದ ಅವಳೂ ಏನೂ ತಿಂದಿಲ್ಲ. ಮನೆಗೆ ಬಂದವನು ಹಸ್ಕೊಂಡಿರೋವಾಗ ನಾನು ಹೆಂಗೆ ತಿನ್ಲಿ ಅಂದ್ಳು. ನಿನ್ನ ಜೊತೆ ತಿನ್ನೋಣ ಅಂತ ಕಾಯ್ತಿದಾಳೆ."

ಅತಿಥಿ ಉಣ್ಣದೆ ಮನೆಯವರು ಉಣ್ಣಬಾರದು ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಅದನ್ನು ಯಾರೂ ಕಲಿಸದೆ ಪಾಲಿಸಿದ ಹೆಂಗಸು ನನ್ನೆದುರು ಕೂತು, ನಾನು ಮೊದಲ ತುತ್ತು ಬಾಯಿಗಿಟ್ಟ ಮೇಲೆ ತಾವೂ ಒಂದು ಚೂರು ಮುರಿದುಕೊಂಡರು. "ದೊಬ್ರೆ?" ಎಂದರು. ಚೆನ್ನಾಗಿದೆಯಾ ಎಂದು. ಪ್ರತಿ ತುತ್ತಿಗೂ ಅದೇ ಪ್ರಶ್ನೆ, ಪ್ರತಿ ಸಲವೂ ನಾನು "ದೊಬ್ರೆ" ಅಂದೆ. ನಿಜಕ್ಕೂ ಚೆನ್ನಾಗಿತ್ತು. ಎಲ್ಲ ಹೇಳಿಬಿಡಬಹುದಾಗಿದ್ದ ಹೊತ್ತು ಅದು. ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಹೊರಡುವ ದಿನ ಅವರು ಒಂದು ಪುಟ್ಟ ಡೈರಿ, ಮೊಂಡು ಪೆನ್ಸಿಲ್ ಹಿಡಿದು ಕಾರಿನ ಹತ್ತಿರ ಬಂದರು. ಮುಂದಿನದು ಯಾವತ್ತು ಎಂದು ಮಗನ ಮೂಲಕ ಕೇಳಿದರು. ನನಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಬೆರಳಲ್ಲಿ ಹದಿನೈದು ದಿನ ಎಣಿಸಿ ಒಂದು ತಾರೀಖು ಹೇಳಿದೆ. ಕಾರಿನ ಬಾನೆಟ್ಟಿನ ಮೇಲೆ ಡೈರಿ ಇಟ್ಟು ಬರೆದುಕೊಂಡರು. ಕಿಟಕಿಯ ಒಳಗೆ ಗಂಡ ಕೂತಿದ್ದದ್ದು ಕಾಣುತ್ತಿತ್ತು.

ಯೋನ್‌ಶೋಪಿಂಗ್‌ಗೆ ಬಂದು ಅಡುಗೆಮನೆ ಬಾಗಿಲ ಹಿಂದೆ ತೂಗುಹಾಕಿದ್ದ ಕನ್ನಡ ಕ್ಯಾಲೆಂಡರ್ ನೋಡಿದೆ. ನಾನು ಉಪವಾಸ ಮಾಡಿದ ದಿನ ಏಕಾದಶಿಯೂ ಅಲ್ಲ, ಏನೂ ಅಲ್ಲ, ಚೌತಿ. ಗೆಳೆಯನಿಗೆ, "ತಾರೀಖು ಸ್ವಲ್ಪ ತಪ್ಪಾಗಿದೆ, ಇದು ಸರಿಯಾದ್ದು," ಎಂದು ತಿದ್ದಿ ಕೊಟ್ಟೆ. ಸುಳ್ಳು ಹೇಳಿದ್ದಕ್ಕಿಲ್ಲದ ಹೆದರಿಕೆ ತಿಥಿ ತಪ್ಪಿದ್ದಕ್ಕೆ ಆಗಿತ್ತು. ಎರಡು ಮೂರು ಸಲ ಕೇಳಿ ಮರೆತುಬಿಡುತ್ತಾರೆ ಅಂದುಕೊಂಡೆ. ಅವರು ಮರೆಯಲಿಲ್ಲ. ಹದಿನೈದು ದಿನಕ್ಕೊಮ್ಮೆ ಫೀಕಾ ಹೊತ್ತಿನಲ್ಲಿ ಗೆಳೆಯ ಕೇಳುತ್ತಿದ್ದ, "ಅಮ್ಮ ಫೋನಲ್ಲಿ ಕೇಳಿದ್ಳು, ಯಾವ ದಿನ?" ನಾನು ಹೇಳುತ್ತಿದ್ದೆ.

ಹೇಳಿದ ಮೇಲೆ ಆ ದಿನ ಅವನೆದುರು ತಿನ್ನುವ ಹಾಗಿಲ್ಲವಲ್ಲ. ಫೀಕಾದಲ್ಲಿ ಬನ್ನು ಬೇಡ ಎನ್ನುತ್ತಿದ್ದೆ. ಅವನು ನನ್ನ ಪಾಲಿನದನ್ನು ಕಾಗದದ ಕರವಸ್ತ್ರದಲ್ಲಿ ಸುತ್ತಿ ನನ್ನ ಮೇಜಿನ ಮೇಲೆ ಇಡುತ್ತಿದ್ದ, ನಾಳೆಗೆ ಎಂದು. ಮಧ್ಯಾಹ್ನ ನಾನು ಹೆಂಡತಿ ಕಟ್ಟಿಕೊಟ್ಟ ಡಬ್ಬಿ ಹಿಡಿದು ಎರಕದ ಶೆಡ್ಡಿಗೆ ಹೋಗಿ, ಮರಳಿನ ತೊಟ್ಟಿಗಳ ಹಿಂದೆ ನಿಂತುಕೊಂಡು ಮೊಸರನ್ನ ತಿಂದು ಬರುತ್ತಿದ್ದೆ. ಎರಡು ಸಲ ನಿಜವಾಗಿಯೂ ಉಪವಾಸ ಮಾಡಲು ನೋಡಿದೆ. ಒಂದು ಸಲ ಎರಡು ಗಂಟೆಗೆ, ಇನ್ನೊಂದು ಸಲ ಮೂರಕ್ಕೆ ಮರಳಿನ ತೊಟ್ಟಿಯ ಹಿಂದೆಯೇ ಇದ್ದೆ.

ಚಳಿಗಾಲ ಬರುವಷ್ಟರಲ್ಲಿ ಅವನ ಅಪ್ಪ ಬಲಗೈಯಲ್ಲಿ ಚಮಚ ಹಿಡಿದರು. ವಾರಕ್ಕೆ ಮೂರು ದಿನ ಮನೆಗೆ ಬಂದು ಕೈಕಾಲು ಆಡಿಸುತ್ತಿದ್ದ ನರ್ಸಿನ ಶ್ರಮ ಅದು. ಗೆಳೆಯನೇ ಹಾಗೆ ಹೇಳಿದ. "ಆದ್ರೆ ಅಮ್ಮ ಅದು ನಿನ್ನ ಉಪವಾಸದಿಂದ ಅಂತಾಳೆ. ನಿಂಗೆ ಥ್ಯಾಂಕ್ಸ್ ಹೇಳು ಅಂದ್ಳು," ಎಂದು ನನ್ನ ಕೈ ಕುಲುಕಿದ. ಆ ಕೈಯನ್ನು ಎಲ್ಲಿಟ್ಟುಕೊಳ್ಳಬೇಕೋ ತಿಳಿಯದೆ ಜೇಬಿಗೆ ಹಾಕಿಕೊಂಡೆ.

ಮರುವರ್ಷ ವಸಂತದಲ್ಲಿ ಗೆಳೆಯನ ಪಿಎಚ್‌ಡಿ ಮುಗಿಯಿತು. ಪ್ರಬಂಧವನ್ನು ಎಲ್ಲರೆದುರು ಸಮರ್ಥಿಸುವ ದಿನಕ್ಕೆ ಅಮ್ಮ ಬಂದರು, ಗಂಡನನ್ನು ನಾಲ್ಕು ದಿನ ತಂಗಿಯ ಹತ್ತಿರ ಬಿಟ್ಟು. ನನ್ನ ಹೆಂಡತಿ, "ಅವ್ರ ಮನೇಲಿ ಅಷ್ಟ್ ದಿನ ಇದ್ಬಂದಿದೀರ, ಕರೀದೆ ಇದ್ರೆ ಹೆಂಗ್ರೀ?" ಎಂದು ಭಾನುವಾರ ಮಧ್ಯಾಹ್ನದ ಊಟಕ್ಕೆ ಹೇಳಿಸಿದಳು. ಬಿಸಿಬೇಳೆಬಾತು, ಕೋಸಂಬರಿ, ಆಂಬೊಡೆ, ಹೋಳಿಗೆ. ಬೆಳಗಿನಿಂದ ಮನೆಯೆಲ್ಲ ತುಪ್ಪದ ಘಮ. ನಾನು ಬೆಳಿಗ್ಗೆ ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡು ತಿಂದು, ಆಂಬೊಡೆ ರುಚಿ ನೋಡಿ, ಅವರು ಬರುವುದನ್ನೇ ಕಾಯುತ್ತಿದ್ದೆ.

ಅವರು ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದಿದ್ದರು. ಹೆಂಡತಿ ತಟ್ಟೆ ಇಟ್ಟು ಬಡಿಸಲು ಬಗ್ಗಿದಾಗ ನಗುತ್ತ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದರು. ಕೈಚೀಲದಿಂದ ಡೈರಿ ತೆಗೆದು ನನ್ನ ಮುಂದೆ ಬಿಡಿಸಿದರು. ಪೆನ್ಸಿಲಿನಲ್ಲಿ ಒಂದು ಗುಂಡು ಸುತ್ತು.

"ಇವತ್ತಲ್ವ?" ಎಂದ ಗೆಳೆಯ. "ನೀನೇ ಕೊಟ್ಟಿದ್ದು ತಾರೀಖು. ಜೊತೆಗೆ ಕೂತ್ಕೊಳ್ಳೋಣ ಅಂತ ಇವತ್ತೇ ಕರೆದಿದೀಯ ಅಂತ ಅವಳಿಗೆ ಎಷ್ಟು ಖುಷಿ ಗೊತ್ತಾ?"

ನನ್ನ ಬಾಯಲ್ಲಿ ಆಂಬೊಡೆಯ ರುಚಿ ಇನ್ನೂ ಇತ್ತು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ; ನನಗೆ ಅವತ್ತು ಉಣ್ಣದೆ ಇರುವುದೇ ಶಿಕ್ಷೆಯಾಯಿತು. "ಹೌದು ಹೌದು," ಎಂದು ನನ್ನ ತಟ್ಟೆಯನ್ನೂ ಬೋರಲು ಹಾಕಿದೆ. ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದಳು.

"ಏನ್ರೀ ಇದು ಹೊಸ ವೇಷ?"

ಪಿಸುಗುಟ್ಟಿಕೊಂಡು ಉಪವಾಸದ ಕಥೆ ಹೇಳಿದೆ. ಅಪ್ಪನ ವಿಷಯ ಹೇಳಲಿಲ್ಲ. ಅವಳು ಹೋಳಿಗೆ ತಟ್ಟೆಯನ್ನು ಕಟ್ಟೆಯ ಮೇಲೆ ಕುಕ್ಕಿದಳು. "ಒಂದ್ ವರ್ಷದಿಂದ? ಅಷ್ಟ್ ವಯಸ್ಸಾದವ್ರಿಗೆ? ಥೂ, ನಾಚಿಕೆ ಆಗ್ಬೇಕು ನಿಮ್ಗೆ." ಆಗಿತ್ತು. ಆದರೆ ಇನ್ನೂ ಆಗಬೇಕಾದ್ದು ಬಾಕಿ ಇತ್ತು.

ಅವಳೇ ಸಂಕೋಚಕ್ಕೆ, ಊಟವಂತೂ ಇಲ್ಲ, ದೇವರನ್ನಾದರೂ ನೋಡಲಿ ಎಂದು ಅವರನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋದಳು. ದೇವರ ಗೂಡು ಅಲ್ಲಿತ್ತು. ಗೂಡಿನ ಪಕ್ಕದ ಗೋಡೆಯಲ್ಲಿ ಗಂಧದ ಹಾರ ಹಾಕಿದ ಅಪ್ಪನ ಫೋಟೊ. ಗೆಳೆಯ ನಮ್ಮ ಮನೆಗೆ ಬಂದಿದ್ದರೂ ಆ ಕೋಣೆಗೆ ಬಂದಿರಲಿಲ್ಲ. ಕುಕ್ಕರ್ ಕೂಗಿತೆಂದು ಹೆಂಡತಿ ಓಡಿದಳು. ಅವನ ಅಮ್ಮ ದೇವರಿಗೆ ಕೈ ಮುಗಿದು, ಫೋಟೊ ತೋರಿಸಿ ಮಗನಿಗೆ ಏನೋ ಹೇಳಿದರು.

"ಇವ್ರೇನಾ ನಿಮ್ಮಪ್ಪ? ಹಾರ ತುಂಬಾ ಚೆನ್ನಾಗಿದೆ ಅಂತಿದಾಳೆ. ಹೇಗಿದಾರೆ ಅಂತ ಕೇಳ್ತಿದಾಳೆ."

ನಾನು ಬಾಯಿ ತೆರೆದೆ. ಗೆಳೆಯ ಅಷ್ಟರಲ್ಲಿ ಪಕ್ಕದಲ್ಲಿ ಕುಣಿಯುತ್ತಿದ್ದ ನನ್ನ ಮಗಳ ತಲೆ ಸವರಿ, ಅವಳ ಜೊತೆ ಯಾವಾಗಲೂ ಆಡುವ ಹಾಗೆ ಸ್ವೀಡಿಶ್‌ನಲ್ಲಿ, "ಇದು ನಿನ್ನ ತಾತನಾ?" ಎಂದು ಕೇಳಿದ.

"ಹೂಂ. ತಾತ ಸತ್ತುಹೋಗಿದಾರೆ," ಎಂದಳು ಮಗಳು, ಅವಳೂ ಸ್ವೀಡಿಶ್‌ನಲ್ಲಿ, ಪಾಠ ಒಪ್ಪಿಸುವ ಹಾಗೆ. "ನಾನು ಮೂರು ವರ್ಷದವಳಿದ್ದಾಗ. ಸತ್ತವರ ಫೋಟೊಗೆ ಮಾತ್ರ ಹಾರ ಹಾಕೋದು. ಬದುಕಿರೋರಿಗೆ ಹಾಕಬಾರದು."

ಅಷ್ಟು ಹೇಳಿ ಅವಳು ಹೋಳಿಗೆಗೆ ಓಡಿಹೋದಳು. ಗೆಳೆಯ ನನ್ನನ್ನು ನೋಡಿದ. ಅವನು ಬುದ್ಧಿವಂತ, ಅಂಕಿಗಳು ಎಲ್ಲಿ ತಪ್ಪಿವೆ ಎಂದು ಹಿಂದಕ್ಕೆ ಹೋಗಿ ಹುಡುಕುವುದೇ ಅವನ ಕೆಲಸ. ಪೆಟ್ರೋಲ್ ಬಂಕಿನ ಬ್ರೆಡ್, ಚಂದ್ರನ ಲೆಕ್ಕ, ಮಧ್ಯಾಹ್ನ ನಾನು ಮಾಯವಾಗುತ್ತಿದ್ದದ್ದು, ಎಲ್ಲವೂ ಒಂದೊಂದಾಗಿ ಅವನ ಮುಖದಲ್ಲಿ ದಾಟಿಹೋದವು. ಅಮ್ಮ ಅವನ ತೋಳು ಹಿಡಿದು ಉತ್ತರಕ್ಕೆ ಕಾಯುತ್ತಿದ್ದರು. ಈಗ ಹೇಳುತ್ತಾನೆ ಎಂದು ನಾನು ಗೋಡೆಗೆ ಒರಗಿದೆ. ಹೇಳಲಿ ಎಂದೇ ಬೇಡಿಕೊಂಡೆ.

ಅವನ ಕತ್ತು ಕೆಂಪಗಾಯಿತು. ಫೋಟೊ ನೋಡುತ್ತ, ಅಮ್ಮನಿಗೆ ಚಿಕ್ಕದೊಂದು ಮಾತು ಹೇಳಿದ. ಅದರಲ್ಲಿ ನನಗೆ ಗೊತ್ತಿದ್ದ ಪದ ಒಂದೇ. ದೊಬ್ರೆ.

ಆ ತಾಯಿಯ ಮುಖ ಅರಳಿತು. ನನ್ನ ಎರಡೂ ಕೈಗಳನ್ನು ಹಿಡಿದು ಅಲುಗಾಡಿಸಿದರು. ಬೆರಳ ತುದಿಗಳು ಆಗಲೂ ಬಿರಿದಿದ್ದವು. ಆ ವರ್ಷದ ಸುಣ್ಣ ಬಳಿದು ಬಂದಿದ್ದರೇನೋ. ಆಮೇಲೆ ನಾವಿಬ್ಬರೂ ಖಾಲಿ ಮೇಜಿನ ಎದುರುಬದುರು ಒಂದೊಂದು ಲೋಟ ನೀರು ಇಟ್ಟುಕೊಂಡು ಎರಡು ಗಂಟೆ ಕೂತಿದ್ದೆವು. ಅವರು ಆಗಾಗ ನನ್ನ ಕಡೆ ನೋಡಿ ತಲೆಯಾಡಿಸುತ್ತಿದ್ದರು, ಜೊತೆಯಲ್ಲಿ ಹೊರೆ ಹೊತ್ತವರು ನೋಡುವ ಹಾಗೆ. ಗೆಳೆಯ ಬಡಿಸಿದ್ದನ್ನು ತಲೆ ತಗ್ಗಿಸಿ ತಿಂದ. ಹೆಂಡತಿ ಹೋಳಿಗೆಗಳನ್ನು ಮರುದಿನಕ್ಕೆಂದು ಡಬ್ಬಿಗೆ ತುಂಬಿ ಕೊಟ್ಟಳು.

ಬಸ್ ಸ್ಟಾಪಿನವರೆಗೆ ಹೋದೆ. ಅಮ್ಮ ಸ್ವಲ್ಪ ದೂರದಲ್ಲಿ ಕಂಬಕ್ಕೆ ಅಂಟಿಸಿದ ಬಸ್ಸಿನ ವೇಳಾಪಟ್ಟಿಯನ್ನು ಬೆರಳಿಟ್ಟು ನೋಡುತ್ತಿದ್ದರು.

"ನಾನೇ ಅವ್ರಿಗೆ ಹೇಳ್ತೀನಿ," ಎಂದೆ. "ನೀನು ದಾಟಿಸು, ಅಷ್ಟು ಸಾಕು."

"ಬೇಡ."

"ನಂಗೆ ತಡೆಯೋಕೆ ಆಗ್ತಿಲ್ಲ."

"ಹೇಳಿದ್ರೆ ನಿಂಗೆ ಹಗುರ ಆಗುತ್ತೆ. ಅವಳಿಗೆ?" ಅವನು ನನ್ನ ಕಡೆ ನೋಡಲಿಲ್ಲ. "ಅಮ್ಮನ ಹತ್ರ ನಾನು ಯಾವತ್ತೂ ಸುಳ್ಳು ಹೇಳಿರ್ಲಿಲ್ಲ. ಇವತ್ತು ಹೇಳ್ದೆ. ಆ ಉಪವಾಸ ಈಗ ನಿಂದಲ್ಲ, ಅವಳದು. ಅದನ್ನ ಅವಳಿಂದ ಕಿತ್ಕೊಳ್ಳೋಕೆ ನಿಂಗೇನು ಹಕ್ಕಿದೆ? ತಾರೀಖು ಕಳಿಸ್ತಾ ಇರು."

ಬಸ್ಸು ಬಂತು. ಅಮ್ಮ ಕಿಟಕಿಯಿಂದ ಕೈ ಬೀಸಿದರು. ಅವನು ಬೀಸಲಿಲ್ಲ.

ಆ ಬೇಸಿಗೆಯಲ್ಲೇ ಅವನು ಊರಿಗೆ ಮರಳಿದ, ಅಪ್ಪನ ಹತ್ತಿರ ಇರಲು. ನಾನು ಹದಿನೈದು ದಿನಕ್ಕೊಮ್ಮೆ ಮೊಬೈಲಿನಲ್ಲಿ ತಾರೀಖು ಕಳಿಸುತ್ತಿದ್ದೆ. 'ಸಿಕ್ಕಿತು' ಎಂದಷ್ಟೇ ಉತ್ತರ ಬರುತ್ತಿತ್ತು. ಹೇಗಿದ್ದೀಯ ಎಂದು ಬರೆದರೂ 'ಸಿಕ್ಕಿತು'. ಚಳಿಗಾಲದ ನಡುವೆ ಒಂದು ಸಲ, ಮನೆಯಲ್ಲಿ ಎಲ್ಲರಿಗೂ ಶೀತ ಕೆಮ್ಮು, ಕಳಿಸುವುದು ಮರೆತೇಹೋಯಿತು. ಒಂದು ಮಧ್ಯಾಹ್ನ ಊಟ ಮಾಡುತ್ತಿದ್ದಾಗ ಮೊಬೈಲು ಸದ್ದು ಮಾಡಿತು.

'ಅಪ್ಪ ಮಂಗಳವಾರ ಹೋದರು. ಈ ಸಲ ತಾರೀಖು ಬಂದಿಲ್ಲ, ಯಾವ ದಿನ ಎಂದು ಅಮ್ಮ ಕೇಳುತ್ತಿದ್ದಾಳೆ.'

ತಟ್ಟೆ ಬಿಟ್ಟು ಎದ್ದು ಅಡುಗೆಮನೆ ಬಾಗಿಲ ಹಿಂದಿನ ಕ್ಯಾಲೆಂಡರಿನ ಮುಂದೆ ನಿಂತೆ. ಅವತ್ತೇ ಇತ್ತು. ಬಲಗೈಗೆ ಮೊಸರನ್ನ ಮೆತ್ತಿಕೊಂಡಿತ್ತು. ಎಡಗೈಯಲ್ಲಿ ಒಂದೊಂದೇ ಅಕ್ಷರ ಒತ್ತಿ, 'ಇವತ್ತು' ಎಂದು ಕಳಿಸಿದೆ.